ಬೇಸಿಗೆಯ ಸೂಟಿಯೂ ಊರಿನ ಹೊಣೆಯೂ

ಏಪ್ರಿಲ್ ತಿಂಗಳ ಎರಡನೆಯ ವಾರದಲ್ಲಿ ಮುಚ್ಚಿದ ನಮ್ಮ ನಾಡಿನ ಶಾಲೆಗಳ ಬಾಗಿಲುಗಳು ಮತ್ತೆ ತೆರೆಯುವದು ಮೇ ತಿಂಗಳ ಕೊನೆಗೆ. ಈ ಆರೇಳು ವಾರಗಳ ಕಾಲ ಮಗು ಯಾರದು? ಶಾಲೆಯದಂತೂ ಅಲ್ಲ, ಗುರುಗಳ ಹಾಜರಿ ಪುಸ್ತಕ ಕಪಾಟು ಸೇರಿರುತ್ತದೆ. ಮನೆಯದೆನ್ನೋಣವೆಂದರೆ, ತಂದೆತಾಯಿಗಳಿಬ್ಬರೂ ದುಡಿಯಲು ಹೋಗುವ ಮನೆಗಳೇ ಇಂದು ಹೆಚ್ಚು. ಬೇಸಿಗೆಯಲ್ಲಿ ಹೊಲದ ಕೆಲಸ ಕಡಿಮೆಯಾದೀತು, ಹೊಟ್ಟೆಯ ಕೆಲಸ ಕಡಿಮೆಯಾಗದು. ಉಳಿದದ್ದು ಊರು. ಶಾಲೆ ನಡೆಯುವ ತಿಂಗಳುಗಳಿಗೆ ಸುತ್ತೋಲೆಗಳುಂಟು, ಪಠ್ಯಕ್ರಮವುಂಟು, ತನಿಖೆಗೆ ಬರುವ ಅಧಿಕಾರಿಗಳುಂಟು. ಈ ಆರೇಳು ವಾರಗಳ ಲೆಕ್ಕವನ್ನು ಮಾತ್ರ ಯಾರೂ ಯಾರನ್ನೂ ಕೇಳುವದಿಲ್ಲ. ಇದು ಊರಿನ ಹೊಣೆಯೆಂಬದೇ ನಮ್ಮ ಮತ. ಆ ಹೊಣೆಯನ್ನು ಊರು ಹೊರದಿದ್ದರೆ ಕೆಲವು ಮಕ್ಕಳ ಮಟ್ಟಿಗೆ ಅದು ಪ್ರಾಣದ ಪ್ರಶ್ನೆಯಾಗುವದೆಂಬುದನ್ನು ಮುಂದೆ ಹೇಳುವೆವು.

ಪಟ್ಟಣಗಳಲ್ಲಿ ಈ ಪ್ರಶ್ನೆಗೆ ಪೇಟೆಯೇ ಉತ್ತರ ಕೊಟ್ಟುಬಿಟ್ಟಿದೆ. ಮಾರ್ಚ್ ತಿಂಗಳು ಕಾಲಿಡುವದೇ ತಡ, ಬೇಸಿಗೆ ಶಿಬಿರಗಳ ಫಲಕಗಳು ಕಂಬಕಂಬಕ್ಕೆ ಏರುತ್ತವೆ. ಚಿತ್ರಕಲೆ, ಕರಾಟೆ, ಅಬ್ಯಾಕಸ್, ಕುದುರೆ ಸವಾರಿ, ರೋಬೋಟ್ ತಯಾರಿಕೆ, ಎಲ್ಲಕ್ಕೂ ಮಿಗಿಲಾಗಿ ‘ವ್ಯಕ್ತಿತ್ವ ವಿಕಸನ’. ಹದಿನೈದು ದಿವಸಗಳಲ್ಲಿ ಮಗುವಿನ ವ್ಯಕ್ತಿತ್ವವನ್ನು ವಿಕಸನಗೊಳಿಸಿ, ಪ್ರಮಾಣಪತ್ರದೊಡನೆ ಮನೆಗೆ ಮರಳಿಸುವೆವೆನ್ನುವವರ ಧೈರ್ಯವನ್ನು ಮೆಚ್ಚತಕ್ಕದ್ದೇ! ಇವುಗಳಲ್ಲಿ ಒಳ್ಳೆಯವು ಇಲ್ಲವೆಂದಲ್ಲ. ಆದರೆ ಬಹಳಷ್ಟು ಕಡೆ ನಡೆಯುವದೇನು? ಒಂದು ಶಾಲೆಯಿಂದ ಬಿಡುಗಡೆ ಹೊಂದಿದ ಮಗು ಹೆಸರು ಬದಲಿಸಿದ ಇನ್ನೊಂದು ಶಾಲೆಗೆ ಹೋಗುತ್ತದೆ. ಅಲ್ಲಿಯೂ ಗಂಟೆ, ಅಲ್ಲಿಯೂ ಸಾಲು, ಅಲ್ಲಿಯೂ ‘ಮುಟ್ಟಬೇಡ, ಓಡಬೇಡ’. ಅದೇ ಮನೆಯಲ್ಲಿ ಮುಸುರೆ ತಿಕ್ಕುವ ಹೆಣ್ಣುಮಗಳ ಕೂಸು ಅದೇ ಶಿಬಿರದ ಗೇಟಿನ ಹೊರಗೆ ನಿಂತು ಒಳಗಿನ ಆಟ ನೋಡುತ್ತದೆ. ಒಂದೇ ಓಣಿಯ ಎರಡು ಮಕ್ಕಳನ್ನು ಶಾಲೆ ಬೇರೆ ಮಾಡಿದ್ದು ಸಾಲದೆ ಸೂಟಿಯೂ ಬೇರೆ ಮಾಡಬೇಕೆ?

ಇದು ಹೀಗೆಯೇ ಇರಬೇಕಾದದ್ದಲ್ಲವೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ನಿದರ್ಶನಗಳುಂಟು. ‘ಸರಸ್ವತಿ’ ಮಾಸಪತ್ರಿಕೆಯನ್ನು ನಡೆಯಿಸಿದ ಆರ್. ಕಲ್ಯಾಣಮ್ಮನವರು 1938ರಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ‘ಮಕ್ಕಳ ಕೂಟ’ವನ್ನು ಸ್ಥಾಪಿಸಿದರು. ಮಕ್ಕಳು ಕೂಡಿ ಆಡುವದಕ್ಕೆ, ಹಾಡುವದಕ್ಕೆ ಒಂದು ಸ್ಥಳ ಬೇಕು. ಆ ಸ್ಥಳ ಪರೀಕ್ಷೆಗೆ ಸಂಬಂಧಿಸಿರಬಾರದು: ಇಷ್ಟೇ ಸರಳವಾದ ವಿಚಾರವದು. ಬಾಲ್ಯವೇ ವಿಧವೆಯಾಗಿಸಿದ ಸ್ತ್ರೀಯೊಬ್ಬಳು ಊರಿನ ಮಕ್ಕಳೆಲ್ಲರಿಗೆ ಬಾಲ್ಯವನ್ನು ಒದಗಿಸಲು ಹೊರಟದ್ದು ನೆನೆಯತಕ್ಕ ಸಂಗತಿ. ಪುತ್ತೂರಿನಲ್ಲಿ ಶಿವರಾಮ ಕಾರಂತರು ‘ಬಾಲವನ’ವೆಂದು ಹೆಸರಿಟ್ಟು ಮಕ್ಕಳ ಶಿಕ್ಷಣದ ಪ್ರಯೋಗಗಳನ್ನು ಮಾಡಿದರು. ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ಒಬ್ಬರೇ ಬರೆದ ಆ ಪುಸ್ತಕಪ್ರಿಯರು ಮಕ್ಕಳಿಗೆ ಮರ ಮಣ್ಣುಗಳ ನಡುವೆಯೂ ಸ್ಥಳ ಬೇಕೆಂದು ಬಗೆದರು. 1989ರಲ್ಲಿ ಮೈಸೂರಿನಲ್ಲಿ ಬಿ. ವಿ. ಕಾರಂತರ ನೇತೃತ್ವದಲ್ಲಿ ಆರಂಭವಾದ ರಂಗಾಯಣವು ಬೇಸಿಗೆಯಲ್ಲಿ ‘ಚಿಣ್ಣರ ಮೇಳ’ವನ್ನು ನಡೆಯಿಸಿಕೊಂಡು ಬಂದಿದೆ. ಮೇಳದ ಕೊನೆಗೆ ಮಕ್ಕಳು ಆಡುವ ನಾಟಕಗಳನ್ನು ನೋಡಿದವರು ಅದರ ಮರ್ಮವನ್ನು ಬಲ್ಲರು: ನಾಟಕದಲ್ಲಿ ಒಬ್ಬನ ಮಾತು ಮುಗಿಯದೆ ಇನ್ನೊಬ್ಬನ ಮಾತು ಬರುವಂತಿಲ್ಲ, ರಾಜನ ಪಾತ್ರದವನಿಗೂ ಮರದ ಪಾತ್ರದವನಿಗೂ ಕಾಯುವದು ತಪ್ಪಿದ್ದಲ್ಲ. ಹೀಗೆ ಕಾಯಲು ಕಲಿಯುವದೂ ಒಂದು ಬೆಳವಣಿಗೆ. ಅದಕ್ಕೆ ಯಾರೂ ಉಪನ್ಯಾಸ ಕೊಡಬೇಕಾಗಿಲ್ಲ.

ಬೆಳವಣಿಗೆಯ ಮಾತು ಬಂದದ್ದರಿಂದ ಇನ್ನೊಂದನ್ನು ಹೇಳಬೇಕು. ಉತ್ತರ ಕರ್ನಾಟಕದಲ್ಲಿ ಗಿಡಮಂಗನಾಟವೆಂದೂ ಹಳೆಯ ಮೈಸೂರಿನ ಕಡೆ ಮರಕೋತಿಯೆಂದೂ ಕರೆಯುವ ಆಟವನ್ನು ನಮ್ಮ ವಾಚಕರಲ್ಲಿ ಅರ್ಧದಷ್ಟಾದರೂ ಜನ ಆಡಿದ್ದಾರು. ಗಿಡದ ಕೆಳಗೆ ಒಂದು ವರ್ತುಲ. ಅದರೊಳಗಿನಿಂದ ಒಬ್ಬನು ಕಾಲಿನ ಕೆಳಗಿನಿಂದ ಕೋಲನ್ನು ದೂರ ಎಸೆಯುತ್ತಾನೆ. ಕಳ್ಳನಾದವನು ಅದನ್ನು ತಂದು ವರ್ತುಲದಲ್ಲಿ ಇಡುವಷ್ಟರಲ್ಲಿ ಮಿಕ್ಕವರೆಲ್ಲ ಗಿಡವೇರಿರುತ್ತಾರೆ. ಅವನು ಅವರನ್ನು ಮುಟ್ಟಬೇಕು, ಅವರು ಇಳಿದು ಕೋಲನ್ನು ಮುಟ್ಟಬೇಕು. ಯಾವ ಟೊಂಗೆ ಎಷ್ಟು ಭಾರ ತಾಳೀತೆಂಬದನ್ನು ಈ ಆಟ ಕಲಿಸುವಂತೆ ಯಾವ ಪಾಠವೂ ಕಲಿಸಲಾರದು. ಅದಕ್ಕಿಂತ ಮುಖ್ಯವಾದದ್ದು ಬೇರೆ. ಗುಂಪಿನಲ್ಲಿ ಐದು ವರುಷದ ತಮ್ಮನೊಬ್ಬ ಇದ್ದೇ ಇರುತ್ತಾನೆ. ಅವನನ್ನು ಬಿಟ್ಟರೆ ಅಳುತ್ತಾನೆ, ಸೇರಿಸಿಕೊಂಡರೆ ಆಟ ಕೆಡುತ್ತದೆ. ಆಗ ಮಕ್ಕಳೇ ಒಂದು ಕಾಯಿದೆ ಮಾಡಿಕೊಳ್ಳುತ್ತಾರೆ: ಅವನು ಆಟಕ್ಕುಂಟು, ಲೆಕ್ಕಕ್ಕಿಲ್ಲ. ದೊಡ್ಡವರು ಈ ನುಡಿಯನ್ನು ಹಾಸ್ಯಕ್ಕೆ ಬಳಸುತ್ತಾರೆ. ಅದರ ಹುಟ್ಟಿನಲ್ಲಿ ಇರುವದು ಮಾತ್ರ ಅನುಕಂಪ: ಅಶಕ್ತನನ್ನು ಹೊರಗೆ ಹಾಕದೆ, ಆಟವನ್ನೂ ಕೆಡಿಸದೆ ನಡೆಯಿಸುವ ಉಪಾಯ.

ಸ್ವಿಟ್ಜರ್ಲಂಡಿನ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆಯವರು ಮಕ್ಕಳು ಗೋಲಿ ಆಡುವದನ್ನು ಬಹುಕಾಲ ನೋಡಿ, ಅವರೊಡನೆ ತಾವೂ ಕುಳಿತು ನಿಯಮಗಳನ್ನು ಕೇಳಿ, 1932ರಲ್ಲಿ ಮಕ್ಕಳ ನೀತಿಪ್ರಜ್ಞೆಯನ್ನು ಕುರಿತು ಗ್ರಂಥವೊಂದನ್ನು ಪ್ರಕಟಿಸಿದರು. ಚಿಕ್ಕ ಮಗುವಿಗೆ ನಿಯಮವೆಂದರೆ ಹಿರಿಯರು ಕೊಟ್ಟದ್ದು, ಬದಲಾಗದ್ದು. ಸರಿಸಮಾನರೊಡನೆ ಆಡುತ್ತ ಬೆಳೆದಂತೆ, ನಿಯಮವೆಂದರೆ ನಾವೆಲ್ಲರೂ ಒಪ್ಪಿಕೊಂಡದ್ದು, ಎಲ್ಲರೂ ಒಪ್ಪಿದರೆ ಬದಲಿಸಬಹುದಾದದ್ದೆಂಬ ತಿಳಿವಳಿಕೆ ಮೂಡುತ್ತದೆ ಎಂಬದು ಅವರು ಕಂಡುಕೊಂಡ ಸಂಗತಿ. ಪ್ರಜಾಪ್ರಭುತ್ವಕ್ಕೆ ಇದಕ್ಕಿಂತ ಒಳ್ಳೆಯ ಓನಾಮ ಯಾವದು? ಹಿರಿಯರೊಬ್ಬರು ಸೀಟಿ ಹಿಡಿದು ನಡುವೆ ನಿಂತು, ಪ್ರತಿ ಜಗಳವನ್ನೂ ತಾವೇ ಬಗೆಹರಿಸಿದರೆ ಈ ಓನಾಮ ತಪ್ಪಿಹೋಗುತ್ತದೆ. ಮಕ್ಕಳ ಜಗಳದಲ್ಲಿ ಸ್ವಲ್ಪ ಹೊತ್ತು ಸುಮ್ಮನಿರುವ ತಾಳ್ಮೆ ಶಿಬಿರ ನಡೆಯಿಸುವವರಿಗೆ ಬೇಕಾದ ಮೊದಲ ಅರ್ಹತೆಯೆಂದು ನಾವು ಹೇಳಬಯಸುತ್ತೇವೆ.

“ಮಕ್ಕಳನ್ನು ಹೀಗೆ ಬಿಟ್ಟರೆ ಕೆರೆಗೆ ಹೋಗಿ ಬೀಳುತ್ತವೆ” ಎಂದು ಪಾಲಕರು ಕೇಳುವದುಂಟು. ಈ ಆಕ್ಷೇಪ ಸಣ್ಣದಲ್ಲ. ಇದೇ ನಾವು ಮೊದಲು ಸೂಚಿಸಿದ ಪ್ರಾಣದ ಪ್ರಶ್ನೆ. ಏಪ್ರಿಲ್ ಮೇ ತಿಂಗಳುಗಳ ಪತ್ರಿಕೆಗಳನ್ನು ತೆರೆದು ನೋಡಿರಿ: ಕೆರೆಯಲ್ಲಿ, ಕಲ್ಲುಗಣಿಯ ಹೊಂಡದಲ್ಲಿ, ಕಾಲುವೆಯಲ್ಲಿ, ಕೃಷಿಹೊಂಡದಲ್ಲಿ ಮುಳುಗಿ ಸತ್ತ ಮಕ್ಕಳ ಸುದ್ದಿ ಒಳಪುಟದ ಮೂಲೆಯಲ್ಲಿ ಮತ್ತೆ ಮತ್ತೆ ಕಾಣುತ್ತದೆ. ಹಲವು ಸಲ ಒಬ್ಬರಲ್ಲ, ಇಬ್ಬರು, ಮೂವರು. ಮುಳುಗುವವನನ್ನು ಎಳೆಯಲು ಹೋದ ಅಣ್ಣನೂ, ಅವನ ಹಿಂದೆ ಹೋದ ಗೆಳೆಯನೂ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ ಜಗತ್ತಿನಲ್ಲಿ ಸುಮಾರು 3 ಲಕ್ಷ ಜನ ನೀರಿನಲ್ಲಿ ಮುಳುಗಿ ಸತ್ತರು. ಅವರಲ್ಲಿ ಮಕ್ಕಳು ಮತ್ತು ತರುಣರೇ ಬಹಳ.

ಕೆರೆ ಬಾವಿಗಳು ನಮ್ಮ ಹಿಂದಿನವರಿಗೂ ಇದ್ದವಲ್ಲವೆ? ಇದ್ದವು, ಆದರೆ ಎರಡು ಸಂಗತಿಗಳು ಬದಲಾಗಿವೆ. ಮೊದಲನೆಯದು, ನೀರಿನ ಅಂಚು. ಹಳೆಯ ಕೆರೆಯ ಅಂಗಳ ಮೆಲ್ಲಗೆ ಇಳಿಜಾರಾಗಿ ಆಳಕ್ಕೆ ಹೋಗುತ್ತಿತ್ತು. ಇಂದು ಮಣ್ಣು ಮರಳುಗಳನ್ನು ಎಲ್ಲೆಂದರಲ್ಲಿ ತೋಡಿದ ಕೆರೆಯಲ್ಲಿ ಮೊಣಕಾಲುದ್ದದ ನೀರಿನಿಂದ ಮುಂದಿನ ಹೆಜ್ಜೆಗೆ ಆಳುದ್ದದ ಗುಂಡಿ. ಬಿಟ್ಟುಹೋದ ಕಲ್ಲುಗಣಿಗೆ ಮೆಟ್ಟಿಲೇ ಇಲ್ಲ. 2014ರಲ್ಲಿ ಆರಂಭವಾದ ಕೃಷಿಭಾಗ್ಯ ಯೋಜನೆಯಿಂದ ಒಣ ಬೇಸಾಯದ ಸೀಮೆಯಲ್ಲಿ ಕೃಷಿಹೊಂಡಗಳು ಅನೇಕವಾದವು. ರೈತನಿಗೆ ಅವು ಉಪಕಾರಿಯೆಂಬದು ನಿಜ. ಆದರೆ ನೀರು ಇಂಗದಂತೆ ಹಾಸಿದ ಪ್ಲಾಸ್ಟಿಕ್ ಹಾಳೆಯ ಮೇಲೆ ಪಾಚಿ ಕಟ್ಟಿದರೆ, ಒಳಗೆ ಜಾರಿದ ಮಗುವಿಗೆ ಅಂಚು ಎರಡೇ ಗೇಣು ದೂರವಿದ್ದರೂ ಮೇಲೆ ಬರಲು ಹಿಡಿಕೆ ಸಿಗುವದಿಲ್ಲ. ಹೊಂಡದ ಸುತ್ತ ಬೇಲಿ, ನಾಲ್ಕೂ ದಿಕ್ಕಿನಲ್ಲಿ ಗಂಟುಹಾಕಿ ನೀರಿನವರೆಗೆ ಇಳಿಬಿಟ್ಟ ಹಗ್ಗ, ದಂಡೆಯಲ್ಲಿ ಗಾಳಿ ತುಂಬಿದ ಹಳೆಯ ಟ್ಯೂಬು: ಇಷ್ಟಕ್ಕೆ ಎಷ್ಟು ಖರ್ಚಾದೀತು?

ಎರಡನೆಯದು, ಕಲಿಸುವವರು ಇಲ್ಲದಾದದ್ದು. ಹಿಂದೆ ಬಾವಿಯಲ್ಲಿ ಈಜು ಕಲಿಸುವದೆಂದರೆ ಬೇಸಿಗೆಯ ಒಂದು ವಾಡಿಕೆಯಾಗಿತ್ತು. ಒಣಗಿದ ಸೋರೆಯ ಬುರುಡೆಯನ್ನೋ ಬೆಂಡಿನ ಕಟ್ಟನ್ನೋ ಹುಡುಗನ ಬೆನ್ನಿಗೆ ಕಟ್ಟಿ, ನಡುವಿಗೆ ಹಗ್ಗ ಬಿಗಿದು, ಅದರ ಇನ್ನೊಂದು ತುದಿಯನ್ನು ಕಾಕನೋ ಮಾವನೋ ಹಿಡಿದು ಮೆಟ್ಟಿಲ ಮೇಲೆ ನಿಲ್ಲುತ್ತಿದ್ದನು. ದಿನ ಕಳೆದಂತೆ ಬೆಂಡಿನ ತುಂಡುಗಳು ಕಡಿಮೆಯಾಗುತ್ತ, ಹುಡುಗನಿಗೆ ತಿಳಿಯದಂತೆಯೇ ಹಗ್ಗ ಸಡಿಲಾಗುತ್ತಿತ್ತು. ಬೋರುಗಳು ಬಂದ ಮೇಲೆ ತೆರೆದ ಬಾವಿಗಳು ಬತ್ತಿದವು, ಹಾಳುಬಿದ್ದವು. ಬಾವಿಯೊಡನೆ ಆ ಗುರುಪರಂಪರೆಯೂ ಬತ್ತಿತು. ಹೀಗೆ ಈಜು ಬಾರದ ಪೀಳಿಗೆಯೊಂದು ಹಿಂದಿಗಿಂತ ಅಪಾಯಕಾರಿಯಾದ ನೀರಿನ ದಂಡೆಯಲ್ಲಿ ನಿಂತಿದೆ. ಹಿಂದೆಯೂ ಆ ಕಲಿಕೆ ಎಲ್ಲರಿಗೂ ದಕ್ಕಿತ್ತೆಂದು ಭ್ರಮಿಸಬೇಕಾಗಿಲ್ಲ. ಹೆಣ್ಣುಮಕ್ಕಳನ್ನು ಬಹುತೇಕ ಕಡೆ ನೀರಿಗೆ ಇಳಿಸುತ್ತಿರಲಿಲ್ಲ. ಊರಿನ ಬಾವಿಯ ನೀರು ಮುಟ್ಟಲು ಕೇರಿಯ ಮಕ್ಕಳಿಗೆ ಅಪ್ಪಣೆಯೇ ಇರಲಿಲ್ಲ. ಆ ಕಾಲವನ್ನೇ ಮರಳಿ ತರಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಅದರ ಹಗ್ಗ ಬೆಂಡುಗಳನ್ನು ತಂದರೆ ಸಾಕು.

ಈಜುಕೊಳ ಕಟ್ಟಿಸುವ ಹಣ ಗ್ರಾಮಪಂಚಾಯತಿಗೆ ಎಲ್ಲಿಂದ ಬರಬೇಕೆನ್ನುವವರು ಬಾಂಗ್ಲಾದೇಶದತ್ತ ನೋಡಬೇಕು. ನಮಗಿಂತ ಶ್ರೀಮಂತವಲ್ಲದ ಆ ದೇಶದ ಹಳ್ಳಿಗಳಲ್ಲಿ, ಈ ಶತಮಾನದ ಮೊದಲ ದಶಕದಿಂದ, ಊರಿನ ಕೊಳದಲ್ಲಿಯೇ ಬಿದಿರಿನ ಅಟ್ಟಣಿಗೆಯನ್ನು ಮುಳುಗಿಸಿ ಕಟ್ಟಿ, ಸುತ್ತ ಬಿದಿರಿನ ಬೇಲಿ ಹಾಕಿ, ಮಕ್ಕಳ ಎದೆಮಟ್ಟದ ನೀರಿರುವ ಕಲಿಕೆಯ ಸ್ಥಳವನ್ನು ಮಾಡಿಕೊಂಡರು. ಕಲಿಸುವವರು ಅದೇ ಊರಿನ ತರಬೇತಿ ಹೊಂದಿದ ಯುವಕ ಯುವತಿಯರು. 25 ಮೀಟರು ಈಜುವದು, ನಿಂತಲ್ಲಿ ತೇಲುವದು, ದಂಡೆಯಿಂದಲೇ ಇನ್ನೊಬ್ಬರನ್ನು ಉಳಿಸುವದು: ಇದೇ ಅವರ ಪಠ್ಯ. ಅದನ್ನು ಕಲಿತ ಮಕ್ಕಳಲ್ಲಿ ಮುಳುಗಿ ಸಾಯುವದು ಬಹಳವೇ ಕಡಿಮೆಯಾಯಿತೆಂದು ಕಂಡುಬಂದಿದೆ. ಕೃಷ್ಣೆ ತುಂಗಭದ್ರೆಯರ ದಂಡೆಯ ಅಂಬಿಗರಿಗಿಂತ, ಕರಾವಳಿಯ ಮೊಗವೀರರಿಗಿಂತ ಒಳ್ಳೆಯ ಗುರುಗಳು ನಮಗೆ ಬೇಕೆ? ಕಾರಂತರ ಬಾಲವನದಲ್ಲಿಯೂ ಈಗ ಈಜುಕೊಳವೊಂದಿದ್ದು ಪುತ್ತೂರಿನ ಮಕ್ಕಳು ಅಲ್ಲಿ ಈಜು ಕಲಿಯುತ್ತಾರೆ. ಕೊಳವಿಲ್ಲದ, ನೀರೇ ಇಲ್ಲದ ಊರಿನಲ್ಲಿ ಕಡೆಗೆ ಒಂದು ಪಾಠವನ್ನಾದರೂ ನೆಲದ ಮೇಲೆಯೇ ಕಲಿಸಬಹುದು. ಗೆಳೆಯ ಮುಳುಗುತ್ತಿರುವಾಗ ಹಿಂದೆ ಹಾರಬೇಡ, ಕೂಗಿ ಜನರನ್ನು ಕರೆ, ಕೋಲು ಚಾಚು, ಹಗ್ಗ ಎಸೆ, ಮುಚ್ಚಳ ಬಿಗಿದ ಖಾಲಿ ಕೊಡವನ್ನು ಎಸೆ, ಸೀರೆಯಾದರೂ ಆದೀತು. ಇದನ್ನು ಹತ್ತು ಸಲ ಆಟದಂತೆ ಆಡಿಸಿದರೆ ಹನ್ನೊಂದನೆಯ ಸಲ ನಿಜವಾಗಿ ಬೇಕಾದಾಗ ಕೈಗೆ ತಾನಾಗಿ ಬರುತ್ತದೆ.

ಇದನ್ನೆಲ್ಲ ನಡೆಯಿಸುವ ಸ್ಥಳವೆಲ್ಲಿ? ಸ್ಥಳ ಈಗಾಗಲೇ ಇದೆ. ಗ್ರಾಮಪಂಚಾಯತಿಗಳ ಗ್ರಂಥಾಲಯಗಳು ಸಾರ್ವಜನಿಕ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದ ಮೇಲೆ, 2020ರ ಮಕ್ಕಳ ದಿನಾಚರಣೆಯಂದು ‘ಓದುವ ಬೆಳಕು’ ಎಂಬ ಕಾರ್ಯಕ್ರಮ ಆರಂಭವಾಗಿ, 6ರಿಂದ 18 ವರುಷದವರೆಗಿನ ಮಕ್ಕಳಿಗೆ ಉಚಿತ ಸದಸ್ಯತ್ವ ದೊರೆಯಿತು. ‘ಅರಿವು ಕೇಂದ್ರ’ವೆಂಬ ಹೆಸರು ಹೊತ್ತ ಈ ಮನೆಗಳಲ್ಲಿ ಬೇಸಿಗೆ ಶಿಬಿರಗಳನ್ನು ನಡೆಯಿಸುವ ಪದ್ಧತಿಯೂ ಬಂದಿದೆ. ಇದಕ್ಕಾಗಿ ಸರಕಾರವನ್ನು ಅಭಿನಂದಿಸುವದು ನ್ಯಾಯ. ಎಲ್ಲಿ ಗ್ರಂಥಪಾಲಕರಿಗೆ ಉತ್ಸಾಹವಿದೆಯೋ ಅಲ್ಲಿ ಕೆಲಸ ಚೆನ್ನಾಗಿ ನಡೆಯುತ್ತದೆ. ಎಲ್ಲಿ ಇಲ್ಲವೋ ಅಲ್ಲಿ ಭಾವಚಿತ್ರ ತೆಗೆದು ಮೇಲಿನವರಿಗೆ ಕಳುಹಿಸುವಲ್ಲಿಗೆ ಶಿಬಿರ ಮುಗಿಯುತ್ತದೆ. ಒಬ್ಬ ಗ್ರಂಥಪಾಲಕನ ಮೇಲೆ ಎಲ್ಲವನ್ನೂ ಹೊರಿಸಿದರೆ ಬೇರೇನಾದೀತು?

ಊರಿನಲ್ಲಿ ಗುರುಗಳಿಗೆ ಬರವಿಲ್ಲ. ಕೌದಿ ಹೊಲಿಯುವ ಅಜ್ಜಿ, ಸೋಬಾನೆಯ ಪದಗಳನ್ನು ಬಲ್ಲ ಮುತ್ತೈದೆ, ಡೊಳ್ಳಿನ ಮೇಳದವರು, ಬಡಿಗರು, ಕುಂಬಾರರು, ನಿವೃತ್ತರಾಗಿ ಮರಳಿದ ಸೈನಿಕರು, ಕಾಲೇಜಿನ ಸೂಟಿಗೆ ಬಂದ ಹುಡುಗಿಯರು. ಕಿನ್ನಾಳದ ಗೊಂಬೆಯೂ ಗುಳೇದಗುಡ್ಡದ ಖಣವೂ ಹೊರಗಿನವರಿಗೆ ಪ್ರದರ್ಶನದ ವಸ್ತುಗಳಾಗಿರುವಾಗ, ಅದೇ ಊರಿನ ಹತ್ತು ವರುಷದ ಮಗು ಮಗ್ಗದ ಮುಂದೆ ಒಂದು ಗಳಿಗೆಯೂ ಕೂತಿರುವದಿಲ್ಲ. ಆದರೆ ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಕುಂಬಾರನ ಮಗನನ್ನು ತಿಗರಿಯ ಮುಂದೆ, ನೇಕಾರನ ಮಗಳನ್ನು ಮಗ್ಗದ ಮುಂದೆ ಕೂಡ್ರಿಸಿ ಅದನ್ನು ಶಿಬಿರವೆಂದರೆ, ನಾವು ಕುಲಕಸುಬಿನ ಹಳೆಯ ಸಂಕೋಲೆಗೆ ಹೊಸ ಬಣ್ಣ ಹಚ್ಚಿದಂತಾಯಿತು. ತಿಗರಿಯ ಮುಂದೆ ಗೌಡರ ಮಗ ಕೂಡ್ರಲಿ. ಕುಂಬಾರರ ಮಗಳು ಚದುರಂಗ ಆಡಲಿ, ಸೂಕ್ಷ್ಮದರ್ಶಕದಲ್ಲಿ ಕೆರೆಯ ನೀರಿನ ಹನಿಯನ್ನು ನೋಡಲಿ. ಮಕ್ಕಳೇ ಊರಿನ ನಕಾಶೆಯನ್ನು ಬರೆಯಬಹುದು: ಯಾವ ಬಾವಿ ಬತ್ತಿದೆ, ಯಾವ ಗಿಡ ಯಾವ ಅಜ್ಜನ ಕಾಲದ್ದು, ಯಾವ ಹೊಂಡಕ್ಕೆ ಬೇಲಿಯಿಲ್ಲ. ಕೈಬರಹದ ಪತ್ರಿಕೆಯೊಂದನ್ನು ಹೊರಡಿಸಬಹುದು. ಕನ್ನಡದಲ್ಲಿ ಬರೆಯುವ ಚಟ ಹತ್ತುವದಕ್ಕೆ ಅದಕ್ಕಿಂತ ಅಗ್ಗದ ದಾರಿಯನ್ನು ನಾವರಿಯೆವು. ಮೊಬೈಲನ್ನು ಶಪಿಸುತ್ತ ಕೂಡ್ರುವದರಿಂದ ಪ್ರಯೋಜನವಿಲ್ಲ. ಕೈಗೆ ಬೇರೆ ಕೆಲಸ ಸಿಕ್ಕ ಮಗು ಅದನ್ನು ತಾನಾಗಿಯೇ ಕೆಳಗಿಟ್ಟೀತು. ಸಿಗದ ಮಗು ಇನ್ನೇನು ಮಾಡಬೇಕು?

ಶಿಬಿರಕ್ಕೆ ಬರುವ ಮಕ್ಕಳ ಮಾತಾಯಿತು, ಬಾರದವರ ಗತಿಯೇನು? ಶಾಲೆ ಮುಚ್ಚಿದರೆ ಮಧ್ಯಾಹ್ನದ ಬಿಸಿಯೂಟವೂ ನಿಲ್ಲುತ್ತದೆಂಬುದನ್ನು ಉಂಡು ಕುಳಿತವರು ಮರೆಯುತ್ತಾರೆ. 2024ರ ಬರಗಾಲದ ಬೇಸಿಗೆಯಲ್ಲಿ ಬರಪೀಡಿತ ತಾಲ್ಲೂಕುಗಳ ಶಾಲೆಗಳಲ್ಲಿ ಸೂಟಿಯಲ್ಲಿಯೂ ಊಟ ಕೊಡುವ ವ್ಯವಸ್ಥೆಯಾಯಿತು. ಆಗುವದು ಸಾಧ್ಯವೆಂದು ಇದರಿಂದ ಸಿದ್ಧವಾದಂತಾಯಿತಲ್ಲವೆ? ಹಸಿದ ಮಗುವಿಗೆ ಬರಗಾಲದ ವರುಷವೂ ಸುಭಿಕ್ಷದ ವರುಷವೂ ಒಂದೇ. ಶಿಬಿರ ನಡೆಯುವಲ್ಲಿ ಊಟ ಅಥವಾ ಕಡಲೆ ಬೆಲ್ಲವಾದರೂ ಇರಲಿ. ಆಗ ಬರುವವರ ಸಂಖ್ಯೆಯನ್ನು ನೋಡಿರಿ.

ಹೆಣ್ಣುಮಕ್ಕಳ ಪಾಡು ಇನ್ನೂ ಬೇರೆ. ಅಣ್ಣನಿಗೆ ಸೂಟಿಯೆಂದರೆ ಆಟ, ತಂಗಿಗೆ ಸೂಟಿಯೆಂದರೆ ಕಸ, ನೀರು, ಕೂಸಿನ ಜೋಳಿಗೆ. ಶಿಬಿರಕ್ಕೆ ಕರೆದರೆ ಸೊಂಟದ ಮೇಲೆ ತಮ್ಮನನ್ನು ಹೊತ್ತುಕೊಂಡೇ ಬಂದಾಳು. ಬರಲಿ, ಆ ತಮ್ಮನೂ ಆಟಕ್ಕುಂಟು. ಅದಕ್ಕಿಂತ ಘೋರವಾದದ್ದೊಂದಿದೆ. ನಮ್ಮಲ್ಲಿ ಮದುವೆಯ ಮುಹೂರ್ತಗಳು ಹೆಚ್ಚಾಗಿ ಬರುವದು ಇದೇ ತಿಂಗಳುಗಳಲ್ಲಿ. ಅಕ್ಷಯ ತೃತೀಯೆಯೂ ಇದೇ ಕಾಲಕ್ಕೆ. 2006ರ ಕಾಯಿದೆ ಹದಿನೆಂಟು ತುಂಬದ ಹುಡುಗಿಯ ವಿವಾಹವನ್ನು ನಿಷೇಧಿಸಿದ್ದರೂ, ಶಾಲೆ ಮುಚ್ಚಿರುವಾಗ ಹಾಜರಿ ಕರೆಯುವವರಿಲ್ಲದ್ದರಿಂದ ಕದ್ದು ನಡೆಯುವ ಮದುವೆಗಳು ಯಾರ ಕಣ್ಣಿಗೂ ಬೀಳುವದಿಲ್ಲ. ಜೂನಿನಲ್ಲಿ ಗುರುಗಳು ಹೆಸರು ಕೂಗಿದಾಗ ಓಗೊಡುವವಳಿಲ್ಲ. “ಗಂಡನ ಮನೆಗೆ ಹೋದಳು” ಎಂದು ಗೆಳತಿ ಹೇಳುತ್ತಾಳೆ. ದಿನವೂ ಬೆಳಿಗ್ಗೆ ಅರಿವು ಕೇಂದ್ರಕ್ಕೆ ಬರುತ್ತಿದ್ದ ಹುಡುಗಿ ಮೂರು ದಿವಸ ಬಾರದಿದ್ದರೆ ಯಾರಾದರೊಬ್ಬರು ಅವಳ ಮನೆಗೆ ಹೋಗಿ ಕೇಳಿಯಾರು. ದುಡಿಯಲು ಗುಳೆ ಹೋಗುವ ತಂದೆತಾಯಿಗಳೊಡನೆ ಬೆಂಗಳೂರಿನ ಕಟ್ಟಡಗಳ ಬುಡಕ್ಕೆ ಹೋಗುವ ಕಲ್ಯಾಣ ಕರ್ನಾಟಕದ ಮಕ್ಕಳಿಗೂ ಇದೇ ಮಾತು ಸಲ್ಲುತ್ತದೆ. ಅಜ್ಜಿಯ ಮನೆಯಲ್ಲಿ ಬಿಟ್ಟುಹೋಗುವಷ್ಟು ಭರವಸೆಯನ್ನು ಊರು ಕೊಟ್ಟರೆ ಕೆಲವರಾದರೂ ಬಿಟ್ಟುಹೋದಾರು.

ಇನ್ನು ಕೆಲವು ಚಿಕ್ಕ ಮಾತುಗಳು. ಉರಿಬಿಸಿಲಿನ ಹೊತ್ತಿನಲ್ಲಿ ಮಕ್ಕಳನ್ನು ಹೊರಗಿಡಕೂಡದು. ಬೆಳಿಗ್ಗೆ ಏಳರಿಂದ ಹತ್ತರವರೆಗೆ ಬಯಲಿನ ಆಟ, ಆ ಮೇಲೆ ನೆರಳಿನ ಕೆಲಸ. ಎಲ್ಲಿಯೇ ಆಗಲಿ ಇಬ್ಬರು ಹಿರಿಯರಿರಬೇಕು, ಅವರಲ್ಲಿ ಒಬ್ಬರು ಹೆಂಗಸಾಗಿರಬೇಕು. ನೀರಿನ ಬಳಿಯಂತೂ ಒಬ್ಬರ ಕಣ್ಣು ನೀರಿನ ಮೇಲೆಯೇ ಇರತಕ್ಕದ್ದು, ಮಾತಿನ ಮೇಲಲ್ಲ. ಬಹುಮಾನಗಳನ್ನು ಕೈಬಿಟ್ಟರೆ ಒಳ್ಳೆಯದು. ಸಮಾರೋಪದ ದಿವಸ ಮಾನ್ಯರ ಭಾಷಣಗಳಿಗಾಗಿ ಮಕ್ಕಳನ್ನು ಎರಡು ತಾಸು ಶಾಮಿಯಾನದಡಿಯಲ್ಲಿ ಬೇಯಿಸುವ ಪದ್ಧತಿಯನ್ನು ಕೈಬಿಟ್ಟರೆ ಇನ್ನೂ ಒಳ್ಳೆಯದು. ಹಾರ ಶಾಲುಗಳ ಹಣದಲ್ಲಿ ಹತ್ತು ಮಾರು ಹಗ್ಗ ಬರುತ್ತದೆ.

ತಯಾರಿ ಏಪ್ರಿಲಿನಲ್ಲಿ ಆರಂಭವಾದರೆ ತಡವಾಯಿತು. ಫೆಬ್ರುವರಿ ಮಾರ್ಚ್ ತಿಂಗಳುಗಳಲ್ಲಿಯೇ ಪಂಚಾಯತಿಯ ಸದಸ್ಯರು, ಶಾಲೆಯ ಮೇಲುಸ್ತುವಾರಿ ಸಮಿತಿಯವರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಕೂಡಿ ಕೆರೆಯ ದಂಡೆಯನ್ನು ಒಂದು ಸಲ ನಡೆದು ನೋಡಲಿ. ಎಲ್ಲಿ ಗುಂಡಿ, ಎಲ್ಲಿ ಮೆಟ್ಟಿಲು, ಯಾವ ಹೊಂಡಕ್ಕೆ ಬೇಲಿ ಬೇಕು, ಊರಿನಲ್ಲಿ ಈಜು ಕಲಿಸಬಲ್ಲವರು ಯಾರು ಎಂದು ಬರೆದುಕೊಳ್ಳಲಿ. ಅದೇ ಸಭೆಯಲ್ಲಿ ಕಳೆದ ಜೂನಿನಲ್ಲಿ ಶಾಲೆಗೆ ಮರಳದಿದ್ದ ಮಕ್ಕಳ ಹೆಸರುಗಳನ್ನು ಓದಿಸಲಿ. ಆ ಪಟ್ಟಿ ಮುಖ್ಯ ಗುರುಗಳ ಕಪಾಟಿನಲ್ಲಿಯೇ ದೊರೆಯುತ್ತದೆ.